ಗುಂಡು ತುಂಬುವ ಮೇಜಿಗೆ ಜಾಗವೆಲ್ಲಿ?

ವಿಜಯಪುರ ಕೋಟೆಯ ಪಶ್ಚಿಮದ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಬಂದವರಿಗೆ ಅಲ್ಲಿನ ಮಾರ್ಗದರ್ಶಿಗಳು ತಪ್ಪದೆ ಒಂದು ಕಥೆ ಹೇಳುತ್ತಾರೆ. ತೋಪಿಗೆ ಮದ್ದು ತುಂಬಿ ಬತ್ತಿ ಹೊತ್ತಿಸಿದವನು ಮರುಕ್ಷಣವೇ ಪಕ್ಕದ ನೀರಿನ ತೊಟ್ಟಿಗೆ ಹಾರಿ ತಲೆ ಮುಳುಗಿಸಿಕೊಳ್ಳುತ್ತಿದ್ದನಂತೆ. ಇಲ್ಲದಿದ್ದರೆ ಆ ಸದ್ದಿಗೆ ಅವನ ಕಿವಿ, ಎದೆ ಎರಡೂ ಉಳಿಯುತ್ತಿರಲಿಲ್ಲವಂತೆ. ಕಥೆ ಎಷ್ಟು ನಿಜವೋ ತಿಳಿಯದು, ತೊಟ್ಟಿಯಂತೂ ಅಲ್ಲಿದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಐವತ್ತೈದು ಟನ್ನಿನಷ್ಟು ತೂಕವಿದೆಯೆಂದು ಅಂದಾಜಿಸಲಾದ ಈ ಕಂಚಿನ ತೋಪನ್ನು ಆದಿಲಶಾಹಿಗಳು ಪರಾಂಡಾ ಕೋಟೆಯಿಂದ ಎಳೆದು ತಂದರು. ನೋಡಲು ಹೋದವರು ತೋಪಿನ ಬಾಯಲ್ಲಿ ಕೆತ್ತಿದ ಸಿಂಹದ ತಲೆಯನ್ನು ಮುಟ್ಟಿ, ಹರಕೆ ಹೇಳಿಕೊಂಡು ಇಳಿದುಬಿಡುತ್ತಾರೆ. ತೋಪಿನ ಸುತ್ತ ಬಿಟ್ಟಿರುವ ಜಾಗವನ್ನು ಗಮನಿಸುವವರು ಕಡಿಮೆ. ತುಂಬುವವನು ನಿಲ್ಲಲು, ತೋಪು ತಿರುಗಲು, ಸಿಡಿದಾಗ ಹಿಂದಕ್ಕೆ ಬಡಿಯುವ ಭಾರವನ್ನು ತಾಳಿಕೊಳ್ಳಲು ಬೇಕಾದ ಲೆಕ್ಕವೆಲ್ಲ ಆ ಬುರುಜಿನ ಕಟ್ಟಡದಲ್ಲಿದೆ. ಸಿಡಿಸುವುದು ಒಂದು ಕ್ಷಣದ ಕೆಲಸ. ತುಂಬುವುದಕ್ಕೆ ಮಾತ್ರ ಗಟ್ಟಿಯಾದ ನೆಲ ಬೇಕು, ಅಲುಗದ ಕಟ್ಟೆ ಬೇಕು, ಅವಸರವಿಲ್ಲದ ಕೈ ಬೇಕು.

ಐದು ಶತಮಾನ ಕಳೆದರೂ ಈ ನಿಯಮ ಬದಲಾಗಿಲ್ಲ; ತೋಪು ಮಾತ್ರ ಅಂಗೈಯಗಲಕ್ಕೆ ಇಳಿದಿದೆ. ಅಮೆರಿಕದಲ್ಲಿ ಸಾಕಷ್ಟು ಮಂದಿ ಹವ್ಯಾಸಿ ಬೇಟೆಗಾರರು, ಗುರಿಕಾರರು ಒಮ್ಮೆ ಸಿಡಿಸಿದ ಕಾಡತೂಸಿನ ಹಿತ್ತಾಳೆಯ ಕೋಶವನ್ನು ಎಸೆಯುವುದಿಲ್ಲ. ಮನೆಯ ಕಾರುಶೆಡ್ಡಿನ ಮೂಲೆಯಲ್ಲೋ ಬಟ್ಟೆ ಇಡುವ ಕೋಣೆಯಲ್ಲೋ ಒಂದು ಪುಟ್ಟ ಮೇಜು ಹಾಕಿ, ಅದಕ್ಕೆ ಸನ್ನೆಗೋಲಿನ ಒತ್ತುಯಂತ್ರವೊಂದನ್ನು ಬಿಗಿದು, ಕೋಶವನ್ನು ಮತ್ತೆ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಗುಂಡನ್ನು ಬಾಯಿಗೆ ಒತ್ತಿ, ಹಳೆಯ ಕಾಡತೂಸನ್ನು ಹೊಸದು ಮಾಡಿಕೊಳ್ಳುತ್ತಾರೆ. ಕಾಡತೂಸು ಎಂದರೆ ನಾಲ್ಕೇ ಭಾಗ: ಕೋಶ, ಕೇಪು, ಮದ್ದು, ಗುಂಡು. ಇವುಗಳಲ್ಲಿ ಸುಟ್ಟು ಬೂದಿಯಾಗದೆ, ಹಾರಿಹೋಗದೆ ಸಿಡಿಸಿದವನ ಕಾಲ ಬಳಿ ಬಿದ್ದು ಉಳಿಯುವುದು ಕೋಶ ಮಾತ್ರ. ಬೆಲೆ ಹೆಚ್ಚಿರುವುದೂ ಅದಕ್ಕೇ. ಮಿತವ್ಯಯದ ಮನುಷ್ಯನಿಗೆ ಅದನ್ನು ಮತ್ತೆ ಬಳಸುವ ಆಸೆ ಬಂದರೆ ಆಶ್ಚರ್ಯವಿಲ್ಲ.

ಇಷ್ಟಕ್ಕೂ ಈ ಮೇಜಿನಲ್ಲಿ ಅಂಥ ವಿಶೇಷವೇನು? ಬಡಿಗತನ ಬಲ್ಲವರಿಗೆ ಕೇಳಿದ ಕೂಡಲೇ ತಿಳಿಯುತ್ತದೆ. ಸಾಧಾರಣ ಮೇಜಿನ ಮೇಲೆ ಭಾರ ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಇಲ್ಲಿ ಹಾಗಲ್ಲ. ಒತ್ತುಯಂತ್ರವನ್ನು ಮೇಜಿನ ಮುಂಭಾಗದ ಅಂಚಿಗೆ ಬಿಗಿದಿರುತ್ತಾರೆ. ಅದರ ಹಿಡಿ ಇನ್ನೂ ಮುಂದಕ್ಕೆ ಚಾಚಿರುತ್ತದೆ. ಹಿಡಿಯನ್ನು ಕೆಳಗೆ ಎಳೆದಾಗ ಇಡೀ ಮೇಜು ಮುಂದಕ್ಕೆ ಮುಗ್ಗರಿಸಲು ನೋಡುತ್ತದೆ, ಮೇಲಕ್ಕೆತ್ತಿದಾಗ ಹಿಂದಕ್ಕೆ ಜಗ್ಗುತ್ತದೆ. ನೂರು ಕಾಡತೂಸಿಗೆ ನೂರಾರು ಸಲ ಈ ಎಳೆತ. ಹಲಗೆ ತೆಳುವಾಗಿದ್ದರೆ ಬಾಗುತ್ತದೆ, ಕಾಲು ಸಡಿಲವಿದ್ದರೆ ತೂಗಾಡುತ್ತದೆ. ಮೇಜು ತೂಗಾಡಿದರೆ ಪಕ್ಕದಲ್ಲಿಟ್ಟ ಸೂಕ್ಷ್ಮ ತಕ್ಕಡಿಯ ಮುಳ್ಳು ಸುಳ್ಳು ಹೇಳುತ್ತದೆ. ಮದ್ದಿನ ಅಳತೆ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡೀತು. ಹೆಚ್ಚಾದರೆ ಬಂದೂಕೇ ಮುಖದೆದುರು ಒಡೆದೀತು. ಹಾಗಾಗಿ ಇಕ್ಕಟ್ಟಿನ ಜಾಗದಲ್ಲಿ ಮೇಜು ಕಟ್ಟುವವರು ಅಗಲವನ್ನು ಬಿಟ್ಟುಕೊಟ್ಟಾರು, ದೃಢತೆಯನ್ನು ಬಿಟ್ಟುಕೊಡುವುದಿಲ್ಲ. ಎರಡು ಅಡಿ ಆಳ, ಮೂರು ಅಡಿ ಉದ್ದ ಸಾಕು. ಆದರೆ ಯಂತ್ರ ನೇರವಾಗಿ ಮೇಜಿನ ಕಾಲಿನ ನೆತ್ತಿಯ ಮೇಲೇ ಬರಬೇಕು, ಹಿಂಬದಿಯನ್ನು ಗೋಡೆಗೆ ಬಿಗಿಯಬೇಕು, ಕೆಳಗಿನ ಅರೆಯಲ್ಲಿ ಕಲ್ಲನ್ನೋ ಮರಳಿನ ಚೀಲವನ್ನೋ ಹೇರಿ ಭಾರ ಕೊಡಬೇಕು. ಒಲೆ, ದೀಪ, ಬೀಡಿ ಹತ್ತಿರ ಸುಳಿಯಕೂಡದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಬಗೆಯ ಮದ್ದು. ಮಾತಿಗೆ ಯಾರೂ ಬರಬಾರದು, ಮಕ್ಕಳಂತೂ ಬರಲೇಬಾರದು, ಕೆಲಸ ಮುಗಿದೊಡನೆ ಎಲ್ಲಕ್ಕೂ ಬೀಗ.

ಇದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ಕಡೆಯ ಕಮ್ಮಾರಸಾಲೆ. ಅಲ್ಲಿ ಅಡಿಗಲ್ಲನ್ನು ಮೇಜಿನ ಮೇಲೆ ಇಡುವುದಿಲ್ಲ. ಒಣಗಿದ ಜಾಲಿಯ ದಪ್ಪ ಬೊಡ್ಡೆಯೊಂದನ್ನು ಅರ್ಧಕ್ಕೂ ಹೆಚ್ಚು ನೆಲದಲ್ಲಿ ಹೂತು ಅದರ ನೆತ್ತಿಗೆ ಕಬ್ಬಿಣವನ್ನು ಕೂರಿಸುತ್ತಾರೆ. ಎಂಟು ಅಡಿಯ ಚಪ್ಪರ, ತಿದಿ, ನೀರಿನ ದೋಣಿ, ಕುಲುಮೆ, ನಡುವೆ ಆ ಬೊಡ್ಡೆ. ಎಷ್ಟು ಬಡಿದರೂ ಅದು ಅಲುಗದು. ಎರೆಭೂಮಿಯ ಊರುಗಳಲ್ಲಿ ಇದು ಸಣ್ಣ ಸಾಧನೆಯಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಪ್ಪು ನೆಲ ಬೇಸಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಹೂತ ಕಂಬವೆಲ್ಲ ಎರಡು ವರ್ಷದಲ್ಲಿ ವಾಲುತ್ತದೆ. ಅದಕ್ಕೇ ಕಮ್ಮಾರರು ಎರೆಯನ್ನು ತೋಡಿ ತೆಗೆದು ಗುಂಡಿಗೆ ಗರಸು ತುಂಬುತ್ತಾರೆ. ಮಣ್ಣಿನ ಮಾಳಿಗೆಮನೆಯ ಗೋಡೆ ಎರಡು ಮೊಳ ದಪ್ಪವಿದ್ದರೂ ಮೊಳೆಯನ್ನು ಹಿಡಿದು ನಿಲ್ಲಿಸುವುದಿಲ್ಲ; ಏನನ್ನಾದರೂ ಬಿಗಿಯಬೇಕಾದರೆ ಸರಳನ್ನು ಗೋಡೆಯ ಆಚೆಗೆ ದಾಟಿಸಿ ಹೊರಬದಿಗೆ ಪಟ್ಟಿ ಕೊಡಬೇಕು. ತಾಳಿಕೋಟೆಯ ಪರಸಿಕಲ್ಲು ಹಾಸಲು ಚೆಂದ, ಭಾರಕ್ಕೂ ಒಳ್ಳೆಯದು. ತೂತು ಕೊರೆದು ಸನ್ನೆ ಹಾಕಿ ಎಳೆದರೆ ಅದೇ ತೂತಿನಲ್ಲಿ ಬಿರಿಯುತ್ತದೆ. ಕಿರಿದಾದ ಜಾಗದಲ್ಲಿ ಅಲುಗದ ಕಟ್ಟೆ ಕಟ್ಟುವ ವಿದ್ಯೆಯನ್ನು ಈ ಸೀಮೆಯವರು ಬೇರೆಯವರಿಂದ ಕಲಿಯಬೇಕಾಗಿಲ್ಲ.

ಆದರೆ ಅದೇ ಕಟ್ಟೆಯ ಮೇಲೆ ಒತ್ತುಯಂತ್ರವೊಂದನ್ನು ಕೂರಿಸಿದರೆ ಅದು ಕಮ್ಮಾರಸಾಲೆಯಾಗಿ ಉಳಿಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯನ್ನು ಓದಿದವರಿಗೆ ಅಚ್ಚರಿಯಾಗಬಹುದು. ಅಲ್ಲಿ ಕಾಡತೂಸು, ಸಿಡಿಗುಂಡುಗಳ ಜೊತೆಗೆ ಮದ್ದುಗುಂಡಿನ ಬಿಡಿಭಾಗಗಳೂ ಅವನ್ನು ತಯಾರಿಸುವ ಯಂತ್ರಸಾಮಗ್ರಿಯೂ ಸೇರಿವೆ. ಎಂದರೆ, ಒಂದು ಚಿಟಿಕೆ ಮದ್ದು ಇಲ್ಲದಿದ್ದರೂ, ಒಂದು ಗುಂಡು ಇಲ್ಲದಿದ್ದರೂ, ಮೇಜಿಗೆ ಬಿಗಿದ ಯಂತ್ರವೇ ಕಾನೂನಿನ ಕಣ್ಣಿಗೆ ಮದ್ದುಗುಂಡು. ಪರವಾನಗಿ ಇಲ್ಲದೆ ತಯಾರಿಸಿದವರಿಗೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಒಬ್ಬನ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದೂ ಅದೇ ತಿದ್ದುಪಡಿ. ಬಂದೂಕಿನ ಪರವಾನಗಿ ಇದ್ದವನಿಗೆ ಕಾಡತೂಸು ಕೊಳ್ಳುವ ಹಕ್ಕಿದೆ, ಎಷ್ಟು ಕೊಳ್ಳಬಹುದೆಂಬ ಸಂಖ್ಯೆಯೂ ಪರವಾನಗಿಯಲ್ಲಿ ನಮೂದಾಗಿರುತ್ತದೆ. ಮಾಡಿಕೊಳ್ಳುವ ಹಕ್ಕು ಅದರಲ್ಲಿ ಅಡಗಿಲ್ಲ. ಒಂದೇ ಮೇಜು ಒಂದು ದೇಶದಲ್ಲಿ ರವಿವಾರದ ಹವ್ಯಾಸ, ಇನ್ನೊಂದರಲ್ಲಿ ಜೀವಾವಧಿಯ ದಾರಿ.

ಇದು ಅತಿಯಾಯಿತೆಂದು ಗುರಿಕಾರಿಕೆಯ ಪ್ರಿಯರು ದೂರುವುದುಂಟು. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ವಿದೇಶದ ಕಾಡತೂಸಿನ ಬೆಲೆ ತೆತ್ತವರಿಗೇ ಗೊತ್ತು. ಆದರೂ ಈ ಒಂದು ವಿಷಯದಲ್ಲಿ ನಾನು ಕಾಯ್ದೆಯ ಪಕ್ಷದಲ್ಲಿದ್ದೇನೆ. ಅದಕ್ಕೆ ಕಾರಣ ಆ ಖಾಲಿ ಕೋಶವೇ.

ಬಂದೂಕು ಸಿಡಿದಾಗ ಅದರ ಸೂಜಿ ಕೇಪಿಗೆ ಬಡಿದು ಒಂದು ಕುಳಿ ಬೀಳಿಸುತ್ತದೆ. ಒತ್ತಡಕ್ಕೆ ಕೋಶದ ಬುಡ ಹಿಂದಕ್ಕೆ ಒತ್ತಿಕೊಂಡು ಬಂದೂಕಿನ ಉಕ್ಕಿನ ಗೀರುಗಳನ್ನು ಅಚ್ಚೊತ್ತಿಕೊಳ್ಳುತ್ತದೆ. ಹೊರಕ್ಕೆ ಎಸೆಯುವ ಕೊಂಡಿ ಅಂಚಿನಲ್ಲಿ ತನ್ನದೊಂದು ಗುರುತು ಬಿಡುತ್ತದೆ. ಈ ಗುರುತುಗಳು ಬಂದೂಕಿನಿಂದ ಬಂದೂಕಿಗೆ ಬೇರೆ. ಎರಡು ಕೋಶಗಳನ್ನು ಒಂದೇ ದೃಷ್ಟಿಕ್ಷೇತ್ರದಲ್ಲಿ ಅಕ್ಕಪಕ್ಕ ತೋರಿಸುವ ಹೋಲಿಕೆ ಸೂಕ್ಷ್ಮದರ್ಶಕ ಬಳಕೆಗೆ ಬಂದದ್ದು 1920ರ ದಶಕದಲ್ಲಿ. ಅಂದಿನಿಂದ ಖಾಲಿ ಕೋಶ ನ್ಯಾಯಾಲಯದಲ್ಲಿ ಮಾತಾಡತೊಡಗಿತು. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆ ಸೂಕ್ಷ್ಮದರ್ಶಕವನ್ನು ಇಡುವುದೂ ಅಲುಗದ ಮೇಜಿನ ಮೇಲೆಯೇ. ಹೀಗೆ ಖಾಲಿ ಕೋಶಕ್ಕೆ ಎರಡು ಮೇಜುಗಳು ಕಾದಿರುತ್ತವೆ. ಒಂದು ಅದರ ಮಾತನ್ನು ಕೇಳುತ್ತದೆ. ಇನ್ನೊಂದು, ಗುಂಡು ತುಂಬುವ ಮೇಜು, ಮೊದಲ ಕೆಲಸವಾಗಿ ಹಳೆಯ ಕೇಪನ್ನು ತಳ್ಳಿ ತೆಗೆದು ಕಸಕ್ಕೆ ಹಾಕುತ್ತದೆ. ಸೂಜಿಯ ಕುಳಿ ಅದರೊಂದಿಗೇ ಹೋಗುತ್ತದೆ. ಬುಡದ ಮೇಲಿನ ಗೀರುಗಳ ಮೇಲೆ ಮತ್ತೊಂದು ಬಂದೂಕಿನ ಗೀರು ಬೀಳುತ್ತದೆ. ಸಾಕ್ಷಿಯ ನಾಲಗೆಯನ್ನು ಕಿತ್ತು ಮತ್ತೆ ಸಾಕ್ಷಿಗೆ ನಿಲ್ಲಿಸಿದಂತೆ.

ಈ ಮಾತು ಸಿಂದಗಿಯವರಿಗೆ ದೂರದ್ದಲ್ಲ. ಆ ತಾಲ್ಲೂಕಿನ ಮಣ್ಣಿನಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ ಶಾಸನಗಳ ಸವೆದ ಅಕ್ಷರಗಳನ್ನು ಓದಿ, ಬಾಗೇವಾಡಿಯ ಬಸವಣ್ಣನ ವಚನಗಳನ್ನು ಪರಿಷ್ಕರಿಸಿ, ಹದಿನೈದು ಸಂಪುಟಗಳ ವಚನ ಸಾಹಿತ್ಯದ ಪ್ರಕಟಣೆಗೆ ಪ್ರಧಾನ ಸಂಪಾದಕರಾಗಿ ದುಡಿದವರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಿಗೆ ಬಂದವರು ಅವರನ್ನು ಗುಂಡಿಕ್ಕಿ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಹತ್ಯೆಯಾಯಿತು. ಎರಡೂ ಸ್ಥಳಗಳಲ್ಲಿ ದೊರೆತ ಗುಂಡು, ಕೋಶಗಳನ್ನು ಹೋಲಿಸಿ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂಬ ನಿರ್ಧಾರಕ್ಕೆ ಬಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಕಲಬುರ್ಗಿ ಪ್ರಕರಣದ ತನಿಖೆಯನ್ನು ಗೌರಿ ಹತ್ಯೆಯ ತನಿಖಾ ತಂಡಕ್ಕೇ ವಹಿಸಿತು. ಅಪರಾಧ ಯಾರದೆಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಎರಡು ವರ್ಷ, ನಾನ್ನೂರು ಕಿಲೋಮೀಟರುಗಳಿಗೂ ಮಿಕ್ಕ ಅಂತರವಿದ್ದ ಎರಡು ಕೊಲೆಗಳ ನಡುವೆ ಗಂಟು ಹಾಕಿದ್ದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಲೋಹದ ಚೂರು ಎಂಬುದನ್ನು ಮರೆಯಲಾಗದು. ಶಾಸನ ಓದುತ್ತಿದ್ದ ವಿದ್ವಾಂಸನ ಸಾವಿನ ಕಥೆಯನ್ನು ಕಡೆಗೆ ಯಾರೋ ಲೋಹದ ಮೇಲಿನ ಗೀರುಗಳಲ್ಲಿ ಓದಬೇಕಾಯಿತು.

ಇನ್ನು ಭೀಮಾ ತೀರದ ಮಾತು. ಇಂಡಿ, ಸಿಂದಗಿ ಸೀಮೆಯ ಹೆಸರು ರಾಜಧಾನಿಯ ಪತ್ರಿಕೆಗಳಲ್ಲಿ ಬರುವುದು ಲಿಂಬೆಹಣ್ಣಿಗೆ ಕಡಿಮೆ, ಪಿಸ್ತೂಲಿಗೆ ಹೆಚ್ಚು. ‘ಭೀಮಾ ತೀರದ ಹಂತಕರು’ ಎಂಬ ಪದಪುಂಜವನ್ನು ಟಿ.ವಿ. ವಾಹಿನಿಗಳು ಎಷ್ಟು ಸವೆಸಿದವೆಂದರೆ, 2012ರಲ್ಲಿ ಅದರ ಮೇಲೊಂದು ಚಲನಚಿತ್ರವೂ ಬಂತು. ಮನೆತನದ ಹಗೆ, ಹೊಲದ ಬದು, ಮರಳಿನ ದಂಧೆ, ಚುನಾವಣೆ, ಎಲ್ಲವೂ ಕಲೆತ ಆ ಕಥೆಯನ್ನು ಇಲ್ಲಿ ಮತ್ತೆ ಬಿಚ್ಚುವ ಮನಸ್ಸಿಲ್ಲ. ಹತ್ತಾರು ಹಳ್ಳಿಗಳ ಲಕ್ಷಾಂತರ ಸಜ್ಜನರ ಮೇಲೆ ನಾಲ್ಕಾರು ಮನೆಗಳ ಹೆಸರನ್ನು ಹಚ್ಚುವುದು ಯಾವ ನ್ಯಾಯ? ಆದರೆ ಪೊಲೀಸರ ಪತ್ರಿಕಾ ಪ್ರಕಟಣೆಗಳಲ್ಲಿ ವರ್ಷವರ್ಷವೂ ಮರುಕಳಿಸುವ ಒಂದು ಸಾಲನ್ನು ಮಾತ್ರ ಗಮನಿಸಬೇಕು: ‘ಬಂಧಿತನಿಂದ ಒಂದು ನಾಡ ಪಿಸ್ತೂಲು, ಎರಡು ಜೀವಂತ ಗುಂಡು ವಶ.’ ಪಿಸ್ತೂಲು ಒಂದು, ಗುಂಡು ಎರಡು, ಹೆಚ್ಚೆಂದರೆ ನಾಲ್ಕು. ಯಾವಾಗಲೂ ಇಷ್ಟೇ ಏಕೆ?

ಉತ್ತರ ಕುಲುಮೆಯಲ್ಲಿದೆ. ನಾಡ ಪಿಸ್ತೂಲನ್ನು ಮಾಡಲು ಲೇತ್ ಯಂತ್ರ, ಅರ, ಬೆಸುಗೆ, ಕೈಚಳಕ ಸಾಕು. ಮಧ್ಯಪ್ರದೇಶದ ಖರಗೋಣ, ಬಡವಾನಿ, ಧಾರ್ ಕಡೆಯ ಹಳ್ಳಿಗಳಲ್ಲಿ ತಲೆತಲಾಂತರದಿಂದ ಆಯುಧ ಮಾಡಿಕೊಂಡು ಬಂದವರ ಮನೆಗಳಲ್ಲಿ ಇಂದೂ ಇವು ತಯಾರಾಗಿ ಮಹಾರಾಷ್ಟ್ರ ದಾಟಿ ಇಲ್ಲಿಗೆ ಬರುತ್ತವೆ ಎಂದು ಪೊಲೀಸರು ಮತ್ತೆ ಮತ್ತೆ ಹೇಳಿದ್ದಾರೆ. ಬಿಹಾರದ ಮುಂಗೇರ್ ಅಂತೂ ಹದಿನೆಂಟನೆಯ ಶತಮಾನದ ಮೀರ್ ಕಾಸಿಮನ ಕಾಲದಿಂದ ಬಂದೂಕಿಗೆ ಹೆಸರಾದ ಊರು. ಕಾಡತೂಸು ಹಾಗಲ್ಲ. ಹಿತ್ತಾಳೆಯನ್ನು ಹಲವು ಹಂತಗಳಲ್ಲಿ ಎಳೆದು ಕೋಶ ಮಾಡುವುದು, ಕೇಪಿನ ಒಳಗಿನ ಸೂಕ್ಷ್ಮ ಸಿಡಿಮಿಶ್ರಣ, ಹೊಗೆಯಿಲ್ಲದ ಮದ್ದು, ಇವು ಹಿತ್ತಲಿನ ಕೆಲಸವಲ್ಲ, ಕಾರ್ಖಾನೆಯ ಕೆಲಸ. ನಮ್ಮ ನೆರೆಯಲ್ಲೇ ಪುಣೆಯ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆಯಿದೆ. ಜಳಗಾಂವ ಜಿಲ್ಲೆಯ ವರಣಗಾಂವದಲ್ಲಿ ಇನ್ನೊಂದು. 2021ರಲ್ಲಿ ಸರ್ಕಾರ ಆಯುಧ ಕಾರ್ಖಾನೆ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದಾಗ ಇವೆರಡೂ ಮ್ಯೂನಿಷನ್ಸ್ ಇಂಡಿಯಾ ಪಾಲಿಗೆ ಬಂದವು. ಅಂಥ ಕಾರ್ಖಾನೆಯ ಕಾಡತೂಸು ಕಳ್ಳನ ಜೇಬಿಗೆ ಇಳಿದಿದ್ದರೆ ಅದು ಯಾವುದೋ ಪರವಾನಗಿಯ ಪುಸ್ತಕದಿಂದ, ಅಂಗಡಿಯ ಅರೆಯಿಂದ ಇಲ್ಲವೇ ಉಗ್ರಾಣದಿಂದ ಜಾರಿದ್ದೇ ಆಗಿರಬೇಕು. ಪಿಸ್ತೂಲನ್ನು ಹುಡುಕುತ್ತ ನರ್ಮದೆಯವರೆಗೆ ಹೋಗುವ ನಾವು, ಜೇಬಿನಲ್ಲಿರುವ ಎರಡು ಗುಂಡುಗಳ ಜಾಡನ್ನು ಅಷ್ಟೇ ಹಟದಿಂದ ಹಿಡಿದಿದ್ದೇವೆಯೇ? ಗುಂಡಿಲ್ಲದ ಪಿಸ್ತೂಲು ಬರಿಯ ಕಬ್ಬಿಣದ ಗಟ್ಟಿ. ಗುಂಡು ತುಂಬುವ ಮೇಜುಗಳು ಇಲ್ಲಿ ಬೇರೂರದಿರುವುದೇ ಈ ಸೀಮೆಯ ಪುಣ್ಯ. ಅವು ಬೇರೂರಿದ ದಿನ ಆ ‘ಎರಡು ಜೀವಂತ ಗುಂಡು’ ಇನ್ನೂರಾಗುವುದಕ್ಕೆ ಹೊತ್ತು ಹಿಡಿಯದು.

ಹಾಗೆಂದು ಆಯುಧದ ಕಾಯ್ದೆಯನ್ನೆಲ್ಲ ಕಣ್ಣು ಮುಚ್ಚಿ ಒಪ್ಪಿಕೊಳ್ಳುವ ಸಂಪ್ರದಾಯ ಈ ನೆಲದ್ದಲ್ಲ. 1857ರ ನಿಶ್ಶಸ್ತ್ರೀಕರಣದ ಕಾಯ್ದೆಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು; ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಕಥೆಯ ಲಾವಣಿಯನ್ನು ಸಂಗ್ರಹಿಸಿದವನು ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆದ ಜೆ.ಎಫ್. ಫ್ಲೀಟ್; ನಮ್ಮ ಮಕ್ಕಳು ಅದನ್ನು ಪಠ್ಯಪುಸ್ತಕದಲ್ಲಿ ಓದಿದ್ದಾರೆ. ಹಲಗಲಿ 1997ರಲ್ಲಿ ಬಾಗಲಕೋಟೆ ಬೇರೆಯಾಗುವವರೆಗೆ ಇದೇ ವಿಜಾಪುರ ಜಿಲ್ಲೆಯಲ್ಲಿತ್ತು. 1878ರ ಕಾಯ್ದೆಯಂತೂ ಬಿಳಿಯರಿಗೆ ವಿನಾಯಿತಿ, ಭಾರತೀಯರಿಗೆ ಪರವಾನಗಿ ಎಂಬ ನಾಚಿಕೆಗೇಡಿನ ಭೇದದ ಮೇಲೆ ನಿಂತಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ರಿಯಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿದೆ. ಹಲಗಲಿಯವರಿಗೆ ಸಿಕ್ಕದ್ದು ಲಾವಣಿ ಮಾತ್ರ ಎಂದು ಯಾರಾದರೂ ಕುಹಕವಾಡಿದರೆ ಉತ್ತರಿಸುವುದು ಕಷ್ಟ.

ಮದ್ದು ತುಂಬುವ ಚರಿತ್ರೆಯೂ ಇಲ್ಲಿಗೆ ಹೊಸದಲ್ಲ. 1565ರ ಜನವರಿಯಲ್ಲಿ ವಿಜಯನಗರದ ಭಾಗ್ಯವನ್ನು ಮುಳುಗಿಸಿದ ಕಾಳಗವನ್ನು ನಾವು ರಕ್ಕಸಗಿ–ತಂಗಡಗಿ ಯುದ್ಧವೆನ್ನುತ್ತೇವೆ; ಎರಡೂ ಮುದ್ದೇಬಿಹಾಳದ ಕಡೆಯ ಹಳ್ಳಿಗಳ ಹೆಸರು. ವಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರಕಾರ ಫೆರಿಷ್ತಾ ಬರೆದಂತೆ ಸುಲ್ತಾನರ ಆರುನೂರು ತೋಪುಗಳು ಮೂರು ಸಾಲಾಗಿ ನಿಂತಿದ್ದವು. ಶತ್ರು ತೀರ ಹತ್ತಿರ ಬಂದಾಗ ತೋಪುಗಳ ಅಧಿಪತಿ ರೂಮಿಖಾನ ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಸಿಡಿಸಿದನಂತೆ. ಹಣ ಮನುಷ್ಯನನ್ನು ಕೊಲ್ಲುತ್ತದೆಂಬುದನ್ನು ಇಷ್ಟು ನೇರವಾಗಿ ಬೇರಾವ ಯುದ್ಧವೂ ತೋರಿಸಿದಂತಿಲ್ಲ.

ಇಂದು ಈ ನಾಲ್ಕು ತಾಲ್ಲೂಕುಗಳಲ್ಲಿ ಕಾನೂನಿನ ಒಳಗಿದ್ದುಕೊಂಡೇ ಮದ್ದು ತುಂಬುವವರು ಒಂದು ವರ್ಗದವರಿದ್ದಾರೆ. ಅವರ ಮಾತನ್ನು ಯಾರೂ ಆಡುವುದಿಲ್ಲ. ಬೆಳೆರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕಿನ ಪರವಾನಗಿ ಪಡೆದ ರೈತರು. 1959ರ ಕಾಯ್ದೆಯ 13ನೆಯ ಕಲಮು ನಿಜವಾದ ಬೆಳೆರಕ್ಷಣೆಗೆ ಅಂಥ ಬಂದೂಕನ್ನು ಸ್ಪಷ್ಟವಾಗಿ ಹೆಸರಿಸುತ್ತದೆ. ಕೃಷ್ಣೆಯ ಕಾಲುವೆ ಹರಿದು ಕಬ್ಬು ಹೆಚ್ಚಿದಂತೆ ಹಂದಿಗಳಿಗೆ ಅಡಗಲು ತಾವು ಸಿಕ್ಕಿತೆಂಬುದು ರೈತರ ಅಳಲು. ಬಯಲಿನಲ್ಲಿ ಚಿಗರಿಯ ಹಿಂಡು ಕಡಲೆ, ಜೋಳದ ಮೊಳಕೆಯನ್ನು ಮೇಯುತ್ತದೆ. ಕೃಷ್ಣಮೃಗಕ್ಕೆ ಕಾನೂನಿನ ಪೂರ್ಣ ರಕ್ಷೆಯಿರುವುದರಿಂದ ಅದರತ್ತ ಬಂದೂಕು ತಿರುಗಿಸುವಂತಿಲ್ಲ, ತಿರುಗಿಸಲೂಬಾರದು. ರೈತ ಗಾಳಿಗೆ ಒಂದು ಸದ್ದು ಮಾಡಿ ಓಡಿಸುತ್ತಾನೆ, ಅಷ್ಟೆ. ಆದರೆ ಆ ಒಂದು ಸದ್ದಿಗೂ ಅವನು ತಾನೇ ಮದ್ದು ಅಳೆಯಬೇಕು, ತಾನೇ ನಾರಿನ ಬಿರಡೆ ಜಡಿಯಬೇಕು, ತಾನೇ ಕೇಪು ಕೂರಿಸಬೇಕು. ಎಂದರೆ ಪ್ರತಿಯೊಬ್ಬ ಬೆಳೆರಕ್ಷಕನೂ ತನ್ನ ಮಟ್ಟಿಗೆ ಗುಂಡು ತುಂಬುವವನೇ. ಅದಕ್ಕೆ ಅವನ ಬಳಿ ಇರುವ ಮೇಜು ಯಾವುದು? ದನದ ಕೊಟ್ಟಿಗೆಯ ಗೋದಲಿ, ಪಡಸಾಲೆಯ ಕಟ್ಟೆ, ಒಮ್ಮೊಮ್ಮೆ ಅಡುಗೆಮನೆಯ ಅಟ್ಟ. ಕರಿಮದ್ದಿನ ಸ್ವಭಾವ ಹೊಗೆಯಿಲ್ಲದ ಮದ್ದಿಗಿಂತ ಕೆಟ್ಟದ್ದು. ಒಂದು ಕಿಡಿ ಸಾಕು. ಒಲೆಯಿಂದ ನಾಲ್ಕು ಮಾರು ದೂರದಲ್ಲಿ ಡಬ್ಬಿ ಬಿಚ್ಚುವ ಮುದುಕನನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅವನಿಗೆ ಏನೂ ಆಗಲಿಲ್ಲ. ಅದು ದೈವ, ಸುರಕ್ಷೆಯಲ್ಲ.

ಬಂದೂಕಿನ ಪರವಾನಗಿ ಸಿಗದವರು ಹಿಡಿಯುವ ದಾರಿ ಇನ್ನೂ ಕೆಟ್ಟದ್ದು. ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಟ್ಟು ಹಂದಿಯ ಜಾಡಿನಲ್ಲಿ ಎಸೆಯುವುದು. ಹಂದಿಗಿಂತ ಮೊದಲು ಅದನ್ನು ನಾಯಿ ಕಚ್ಚುತ್ತದೆ, ಆಕಳು ಬಾಯಿಹಾಕುತ್ತದೆ. ಬಾಯಿ ಛಿದ್ರವಾದ ಆಕಳ ಚಿತ್ರ ಪತ್ರಿಕೆಯಲ್ಲಿ ಬಂದಾಗ ನಾಲ್ಕು ದಿನ ಮರುಗಿ ಸುಮ್ಮನಾಗುತ್ತೇವೆ. ಆ ಉಂಡೆ ಕಟ್ಟುವುದೂ ಯಾವುದೋ ಮನೆಯ ಒಳಗೇ, ಮಕ್ಕಳು ಓಡಾಡುವ ನೆಲದ ಮೇಲೇ.

ಇದಕ್ಕೆ ಪರಿಹಾರ ದೊಡ್ಡದೇನೂ ಬೇಕಾಗಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಬೇಡುವವರಿಗೆ ಸುರಕ್ಷಾ ತರಬೇತಿಯ ಏರ್ಪಾಟನ್ನು ಸೇರಿಸಿವೆ. ಆ ತರಬೇತಿ ಬಂದೂಕು ಹಿಡಿಯುವುದನ್ನು ಮಾತ್ರ ಕಲಿಸಿ ಕೈತೊಳೆದುಕೊಳ್ಳಬಾರದು. ತುಂಬುವ ಜಾಗ ಹೇಗಿರಬೇಕೆಂಬುದನ್ನೂ ಕಲಿಸಬೇಕು. ಮನೆಯಿಂದ ಬೇರೆಯಾದ, ಮೂರಡಿ ಅಗಲದ, ಗೋಡೆಗೆ ಬಿಗಿದ ಒಂದು ಹಲಗೆ. ಅದರ ಕೆಳಗೆ ಬೀಗವಿರುವ ಪೆಟ್ಟಿಗೆ. ಮದ್ದು ಒಂದು ಕಡೆ, ಕೇಪು ಇನ್ನೊಂದು ಕಡೆ. ಒಂದು ಕಮ್ಮಾರಸಾಲೆಯ ಅರ್ಧ ದಿನದ ಕೆಲಸ. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸು ಎಂದು ರೈತನಿಗೆ ಹೇಳುವ ಆಡಳಿತ, ಬೆಳೆ ತೆನೆಗಟ್ಟುವ ಕಾಲದಲ್ಲಿ ಅವನ ಹೊಲಕ್ಕೆ ಕಾವಲು ಯಾರು ಎಂಬುದನ್ನೂ ಯೋಚಿಸಿದರೆ ಉಪಕಾರ. ಅಂಗಡಿಗಳಲ್ಲಿ ಹೊಸ ಕಾಡತೂಸು ಕೊಡುವ ಮುಂಚೆ ಹಳೆಯ ಕೋಶವನ್ನು ಎಣಿಸಿ ಹಿಂದೆ ಪಡೆಯುವ ಪದ್ಧತಿಯನ್ನು ಗಟ್ಟಿಯಾಗಿ ನಡೆಸಿದರೆ, ಜಾರುವ ಗುಂಡುಗಳ ಜಾಡು ತಾನಾಗಿ ಸಿಕ್ಕೀತು.

ಗುರಿಯ ಹುಚ್ಚಿರುವ ಹುಡುಗರ ವಿಷಯ ಬೇರೆ. ಭೀಮೆಯ ದಡದಲ್ಲಿ ಮೊಬೈಲಿನ ಮುಂದೆ ಪಿಸ್ತೂಲು ಹಿಡಿದು ನಿಲ್ಲುವ ಹುಡುಗನ ಕೈಗೆ ಬೇರೆ ಏನನ್ನಾದರೂ ಕೊಡಬೇಕಲ್ಲ? 2024ರ ಆಗಸ್ಟ್ 1ರಂದು ಪ್ಯಾರಿಸಿನಲ್ಲಿ ಐವತ್ತು ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು. ಅವರು ಸಿಡಿಸಿದ್ದು .22ರ ಅಂಚುಕೇಪಿನ ಕಾಡತೂಸು. ಅದರ ಸಿಡಿಮಿಶ್ರಣ ಕೋಶದ ಅಂಚಿನ ಒಳಗೇ ಇರುವುದರಿಂದ ಅದನ್ನು ಮತ್ತೆ ತುಂಬುವ ಪ್ರಶ್ನೆಯೇ ಏಳುವುದಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಗಾಳಿ ಬಂದೂಕಿನಿಂದ; ಅದರಲ್ಲಿ ಮದ್ದೇ ಇಲ್ಲ, ಸೀಸದ ಒಂದು ಕಾಳು ಅಷ್ಟೆ. ಕಡಿಮೆ ಶಕ್ತಿಯ ಅಂಥ ಬಂದೂಕಿಗೆ ಪರವಾನಗಿಯ ತಾಪತ್ರಯವೂ ಇಲ್ಲ. ಹುಡುಗನಿಂದ ಗುರಿಹಲಗೆಗೆ ಹತ್ತು ಮೀಟರ್, ಒಬ್ಬೊಬ್ಬರಿಗೆ ಒಂದು ಮೀಟರ್ ಅಗಲ. ಇಂಡಿಯಲ್ಲಿ ಬಳಸದೆ ಬಿದ್ದ ಗೋದಾಮಿನ ಉದ್ದದಲ್ಲಿ, ಮುದ್ದೇಬಿಹಾಳದ ಹಳೆಯ ಶಾಲೆಯ ಪಡಸಾಲೆಯಲ್ಲಿ ನಾಲ್ಕು ಸಾಲುಗಳ ಅಭ್ಯಾಸಕ್ಕೆ ಜಾಗವಿದೆ. ಬೇಕಾದದ್ದು ಗುರಿಯ ಹಿಂದೆ ದಪ್ಪ ಗೋಡೆ, ಸಮನಾದ ಬೆಳಕು, ಬಂದೂಕನ್ನು ಇಳಿಸಿಡಲು ಅಲುಗದ ಒಂದು ಮೇಜು. ಪರಸಿಕಲ್ಲು ತಾಳಿಕೋಟೆಯಲ್ಲೇ ಸಿಗುತ್ತದೆ. ಇಲ್ಲಿ ಸನ್ನೆಯ ಎಳೆತವಿಲ್ಲವಾದ್ದರಿಂದ ಅದು ಬಿರಿಯುವ ಭಯವೂ ಇಲ್ಲ.